ಧೀರೂನ ಪಿಝಾ ಕರ್ಚಿಕಾಯಿ

ನಾಶಿಕದ ಹತ್ತಿರ ಓಝರಿನ ನಮ್ಮ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ತುಪ್ಪಕ್ಕೆ ಒಂದು ಮೂಲೆ ಗೊತ್ತುಮಾಡಿ ಕೊಟ್ಟಿದ್ದರು. ಕಿಟಕಿಯ ಬಲಕ್ಕೆ, ಅಜ್ಜಿಯ ಸೀಮೆಎಣ್ಣೆ ಸ್ಟೋವಿನ ಮೇಲುಗಡೆ, ನನ್ನ ಕೈ ಕಷ್ಟಪಟ್ಟು ಎಟಕುವ ಒಂದು ಹಲಗೆ. ಅದರ ಮೇಲೆ ತುಪ್ಪದ ಗಿಂಡಿ, ಮೊಸರಿನ ಗಡಿಗೆ, ಹಾಲಿನ ಪಾತ್ರೆ. ಅಲ್ಲಿಂದ ಕೆಳಗೆ ಇಳಿದದ್ದೆಲ್ಲ ಅಜ್ಜಿಯ ತಾಟಿಗೆ ಮಾತ್ರ ಹೋಗಬೇಕು, ಆ ಪಾತ್ರೆಗಳನ್ನು ಬೇರೆಯೇ ತೊಳೆದು ಅಲ್ಲಿಯೇ ಕವುಚಿ ಇಡಬೇಕು. ಉಳಿದ ಅಡುಗೆಮನೆ ಅವ್ವನದು. ತನ್ನ ಪಾತ್ರೆಗಳ ಹಿಡಿಕೆಗೆಲ್ಲ ಅವಳು ಉಗುರಿಗೆ ಹಚ್ಚುವ ಕೆಂಪು ಬಣ್ಣದ ಒಂದೊಂದು ಬೊಟ್ಟು ಇಟ್ಟಿದ್ದಳು. ಆ ಬಣ್ಣವನ್ನು ಅವಳು ಉಗುರಿಗೆ ಹಚ್ಚಿಕೊಂಡದ್ದನ್ನು ಮಾತ್ರ ನಾನು ಒಮ್ಮೆಯೂ ಕಂಡಿಲ್ಲ. ಕೆಂಪು ಬೊಟ್ಟಿನ ಪಾತ್ರೆಗೆ ಹಾಲು, ಮೊಸರು, ಬೆಣ್ಣೆ, ತುಪ್ಪ ಸೋಕುವಂತಿಲ್ಲ. ಎರಡು ಕೋಣೆಯ ಮನೆಯಲ್ಲಿ ಇಷ್ಟೆಲ್ಲ ಏರ್ಪಾಡು ನನ್ನ ತಮ್ಮ ಧೀರೇಂದ್ರನ ಸಲುವಾಗಿ. ಹಾಲಿನದು ಏನೇ ಹೊಟ್ಟೆಗೆ ಹೋದರೂ ಅವನ ಉಸಿರು ಕಟ್ಟುತ್ತಿತ್ತು.

ಇದು ನಮಗೆ ಗೊತ್ತಾದದ್ದು ಅವನಿಗೆ ಮೂರು ತುಂಬಿದ ಮೇಲೆ. ಅದಕ್ಕೂ ಮುಂಚೆ ಬಟ್ಟಲು ಹಾಲು ಕುಡಿಸಿದರೆ ವಾಂತಿ, ಮೈತುಂಬ ದದ್ದು. ದೃಷ್ಟಿಯಾಗಿದೆ ಎಂದು ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಒಂದು ದಿನ ಪಕ್ಕದ ಮನೆಯ ಪೂಜೆಯ ಪೇಢೆಯ ಚೂರೊಂದನ್ನು ಬಾಯಿಗೆ ಹಾಕಿಕೊಂಡವನು ಹತ್ತು ನಿಮಿಷದಲ್ಲಿ ತುಟಿ ಊದಿ, ಗಂಟಲಲ್ಲಿ ಸಿಳ್ಳೆಯಂಥ ಸದ್ದು ಮಾಡುತ್ತ ನೆಲಕ್ಕೆ ಬಿದ್ದ. ನಾಶಿಕದ ಮಕ್ಕಳ ಡಾಕ್ಟರು ಸೂಜಿ ಚುಚ್ಚಿ ಉಳಿಸಿಕೊಟ್ಟರು. ಆಮೇಲೆ ಅಪ್ಪನನ್ನೂ ಅವ್ವನನ್ನೂ ಕೂರಿಸಿಕೊಂಡು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ಹಾಲಾಗಲಿ, ಹಾಲಿನಿಂದ ಆದದ್ದಾಗಲಿ ಒಂದು ಹನಿಯೂ ಕೂಡದು, ಮುಂದಿನ ಸಲ ನನ್ನ ತನಕ ತರಲು ನಿಮಗೆ ಹೊತ್ತು ಸಿಗಲಿಕ್ಕಿಲ್ಲ ಎಂದರು. ಅವ್ವ ಮನೆಗೆ ಬಂದವಳೇ ಸೀರೆ ಕೂಡ ಬದಲಿಸದೆ ಅಡುಗೆಮನೆಯನ್ನು ಎರಡು ಮಾಡಿದಳು.

ಅಜ್ಜಿ ಎಂದರೆ ಅಪ್ಪನ ತಾಯಿ. ವಿಜಾಪುರದ ಕಡೆಯಿಂದ ಬಂದು ಮಗನ ಜೊತೆ ಇದ್ದವಳು. ಅಪ್ಪ ವಿಮಾನ ಕಾರ್ಖಾನೆಯಲ್ಲಿ ಟೆಕ್ನೀಶಿಯನ್. ಪಾಳಿ ಕೆಲಸ, ಮನೆಗೆ ಬಂದರೆ ಉಣ್ಣುವುದು, ಮಲಗುವುದು. ಹಾಗಾಗಿ ಮನೆಯ ತಂಟೆಗಳೆಲ್ಲ ಅತ್ತೆ ಸೊಸೆಯರ ನಡುವೆಯೇ ಹುಟ್ಟಿ ಅಲ್ಲಿಯೇ ಕೊಳೆಯುತ್ತಿದ್ದವು. ನಮ್ಮಲ್ಲಿ ಅನ್ನ ಬಡಿಸಿದ ಮೇಲೆ ಅದರ ಮೇಲೆ ತುಪ್ಪ ಬೀಳಬೇಕು. ಅಭಿಗಾರ ಎನ್ನುತ್ತಾರೆ. ಒಂದೇ ಹನಿಯಾದರೂ ಸರಿ, ಅದು ಬಿದ್ದರೆ ಅನ್ನ ಶುದ್ಧ, ಬೀಳದಿದ್ದರೆ ಅದು ಬರೀ ಬೇಯಿಸಿದ ಅಕ್ಕಿ. ನಾನು ಐದು ವರ್ಷದವಳಿದ್ದಾಗಲೇ ಅಜ್ಜಿ ಆ ಕೆಲಸವನ್ನು ನನಗೆ ವಹಿಸಿದ್ದಳು. ಗಿಂಡಿ ಹಿಡಿದು, ಸಣ್ಣ ಚಮಚದಿಂದ ಸಾಲಾಗಿ ಎಲ್ಲರ ತಾಟಿಗೂ ಮುಟ್ಟಿಸುತ್ತ ಹೋಗುವಾಗ ನನಗೆ ಎಲ್ಲಿಲ್ಲದ ದೊಡ್ಡಸ್ತಿಕೆ ಬರುತ್ತಿತ್ತು. ಪೇಢೆಯ ದಿನದ ನಂತರ ಅದು ನಿಂತಿತು. ಅಜ್ಜಿಗೆ ಹಾಲು ನಿಂತದ್ದು ಅರ್ಥವಾಯಿತು, ತುಪ್ಪ ನಿಂತದ್ದು ಅರ್ಥವಾಗಲಿಲ್ಲ.

“ಹಾಲು ಬ್ಯಾಡಂದ್ರ ಬ್ಯಾಡ, ಒಪ್ಪಿದೆ. ತುಪ್ಪ ಏನ ಮಾಡ್ಯದ ಸರೋಜಾ? ಬೆಂಕಿಮ್ಯಾಲ ಕಾಸಿ ಕಾಸಿ ಹಾಲಿನ ದೋಷ ಎಲ್ಲಾ ಸುಟ್ಟ ಹೋಗಿರ್ತದ. ತುಪ್ಪ ಅಂದ್ರ ಆಯುಷ್ಯ.”

“ಡಾಕ್ಟರು ಒಂದು ಹನೀನೂ ಬ್ಯಾಡ ಅಂದಾರ್ರಿ ಅತ್ತಿಯವರ.”

“ಡಾಕ್ಟರಗೇನ ಗೊತ್ತು ಅಭಿಗಾರ? ತುಪ್ಪ ಬೀಳದ ತಾಟಿನ ಮುಂದ ಕೂಸಿನ್ನ ಕೂಡಸ್ತೀ. ನನ್ನ ಕಣ್ಣಿಲೆ ನೋಡ್ಲಿಕ್ಕೆ ಆಗೂದಿಲ್ಲ.”

“ನೋಡಬ್ಯಾಡ್ರಿ ಹಂಗಾರ.”

ಅಜ್ಜಿ ನೋಡುವುದನ್ನು ಬಿಟ್ಟಳು. ಅಂದಿನಿಂದ ಅವಳು ತನ್ನ ಸ್ಟೋವಿನ ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ಉಣ್ಣತೊಡಗಿದಳು. ಆದರೆ ಒಂದು ಮಾತು ಇಲ್ಲಿ ಸ್ಪಷ್ಟವಾಗಿ ಬರೆಯಬೇಕು. ಮುಂದಿನ ನಾಲ್ಕು ವರ್ಷ ಅವಳು ಗೊಣಗಿದಳು, ಅತ್ತಳು, ಉಪವಾಸ ಮಲಗಿದಳು, ಆದರೆ ಅವ್ವನ ಕಣ್ಣು ತಪ್ಪಿಸಿ ಧೀರೂಗೆ ಒಂದು ಹನಿ ತುಪ್ಪವನ್ನೂ ಕೊಡಲಿಲ್ಲ. ಅವಳ ತಾಟಿಗೆ ತುಪ್ಪ ಬಡಿಸುವವಳು ನಾನೇ. ಅವ್ವ ಆ ಗಿಂಡಿಯನ್ನು ಮುಟ್ಟುತ್ತಲೇ ಇರಲಿಲ್ಲ. ತನ್ನ ಕೈ ಧೀರೂಗೆ ಉಣಿಸುವ ಕೈ ಎನ್ನುತ್ತಿದ್ದಳು. ಬಡಿಸಿದ ಮೇಲೆ ನಾನು ಮೊಣಕೈವರೆಗೆ ಸಾಬೂನು ಹಚ್ಚಿ ತೊಳೆದು ಅವಳ ಮುಂದೆ ಹೋಗಿ ನಿಲ್ಲಬೇಕು. ಅವ್ವ ನನ್ನ ಬೆರಳುಗಳನ್ನು ಒಂದೊಂದಾಗಿ ಮೂಸಿ ನೋಡಿ, “ಹೂಂ, ಹೋಗು” ಎಂದರೆ ನಾನು ತಮ್ಮನನ್ನು ಮುಟ್ಟಬಹುದಿತ್ತು.

ಇಷ್ಟೆಲ್ಲ ಕಾವಲಿನಲ್ಲಿ ಬೆಳೆದವನು ಹೆದರುಪುಕ್ಕಲ ಆಗಬೇಕಿತ್ತು. ಧೀರೂ ಹಾಗಿರಲಿಲ್ಲ. ಮಹಾ ಬಾಯಿಬಡುಕ, ಮೊಣಕಾಲಿಗೆ ಯಾವಾಗಲೂ ಗಾಯ. ಕನ್ನಡ ಎಲ್ಲ ತಿಳಿಯುತ್ತಿತ್ತು, ಬಾಯಿಗೆ ಬರುವುದು ಮಾತ್ರ ಮರಾಠಿ. ಅಜ್ಜಿ ಅವನನ್ನು “ನಮ್ಮ ಮನಿ ಪೇಶವೆ” ಎಂದು ಛೇಡಿಸುತ್ತಿದ್ದಳು. ಬೇರೆಯವರು ತಿಂದದ್ದರ ರುಚಿಯನ್ನು ನನ್ನಿಂದ ಕೇಳಿ ತಿಳಿದುಕೊಳ್ಳುವುದು ಅವನ ಹುಚ್ಚು. ಐಸ್ಕ್ರೀಮು ಹೇಗಿರುತ್ತದೆ, ಶ್ರೀಖಂಡ ಹೇಗಿರುತ್ತದೆ ಎಂದು ಬೆನ್ನು ಬಿಡುತ್ತಿರಲಿಲ್ಲ. ನಾನು ಐಸ್ಕ್ರೀಮು ಎಂದರೆ ಹಲ್ಲುಪುಡಿ ಕಲಸಿದ ಬರ್ಫ, ಶ್ರೀಖಂಡ ಎಂದರೆ ಹುಳಿ ಬಂದ ಸುಣ್ಣ ಎಂದು ಹೇಳುತ್ತಿದ್ದೆ. ಅವನು ತುಸು ಹೊತ್ತು ನನ್ನ ಮುಖ ನೋಡಿ, ಹಾಗಾದರೆ ಸರಿ ಎಂಬಂತೆ ಆಟಕ್ಕೆ ಓಡುತ್ತಿದ್ದ. ಸುಳ್ಳು ಹೇಳುವುದರಲ್ಲಿ ನನ್ನ ಕೈ ಪಳಗಿದ್ದು ಹೀಗೆ. ಅದು ಒಳ್ಳೆಯ ಕೆಲಸವೆಂದೇ ನಾನು ತಿಳಿದಿದ್ದೆ.

ಪಿಝಾ ವಿಷಯದಲ್ಲಿ ನನ್ನ ಸುಳ್ಳು ನಡೆಯಲಿಲ್ಲ. ಎದುರಿನ ಕ್ವಾರ್ಟರ್ಸಿನಲ್ಲಿ ಕೌರ್ ಆಂಟಿ ಇದ್ದರು, ಪಂಜಾಬಿನವರು. ಮುಚ್ಚಳದ ನಡುವೆ ಗಾಜಿನ ಕಿಂಡಿಯಿದ್ದ ಒಂದು ದುಂಡನೆಯ ಅಲ್ಯುಮಿನಿಯಂ ಓವನ್ ಅವರ ಹತ್ತಿರ ಇತ್ತು. ತಮ್ಮ ಮಗನ ಹುಟ್ಟುಹಬ್ಬಕ್ಕೆ ಅವರು ಬೇಕರಿಯ ದಪ್ಪ ರೊಟ್ಟಿಯ ಮೇಲೆ ಟೊಮೆಟೊ ಬಳಿದು, ಡಬ್ಬಿಯ ಚೀಜು ತುರಿದು ಹಾಕಿ, ಪಿಝಾ ಮಾಡಿದರು. ನಮ್ಮ ಕಾಲನಿಯಲ್ಲಿ ಅದೇ ಮೊದಲು. ಮಕ್ಕಳೆಲ್ಲ ಚೀಜನ್ನು ದಾರದ ಹಾಗೆ ಎಳೆದು ಎಳೆದು ತಿನ್ನುತ್ತಿದ್ದರು, ಯಾರ ಎಳೆ ಉದ್ದ ಎಂದು ಪೈಪೋಟಿ ಬೇರೆ. ಧೀರೂ ಅವ್ವ ಕಟ್ಟಿಕೊಟ್ಟ ಬಾಳೆಹಣ್ಣನ್ನು ಕೈಯಲ್ಲಿ ಹಿಡಿದು ಕುರ್ಚಿಯ ಮೇಲೆ ಕೂತಿದ್ದ. ಒಬ್ಬ ಹುಡುಗ ಅವನನ್ನು ‘ಮಾಕಡ್’ ಎಂದ, ಎಂದರೆ ಮಂಗ. ಎಲ್ಲರೂ ನಕ್ಕರು. ಮನೆಗೆ ಬಂದವನು ಅಳಲಿಲ್ಲ, ಅವ್ವನ ಮುಂದೆ ನಿಂತು ಕೇಳಿದ.

“ಅವ್ವಾ, ಮಲಾ ಪಣ ಪಿಝಾ ಪಾಯಿಜೆ. ಸಗಳ್ಯಾಂಚ್ಯಾ ಸಾರಖಾ.”

ನನಗೂ ಪಿಝಾ ಬೇಕು, ಎಲ್ಲರ ಹಾಗೆ. ಅವನ ಹುಟ್ಟುಹಬ್ಬಕ್ಕೆ ಇನ್ನು ಒಂದು ತಿಂಗಳಿತ್ತು.

“ಮಾಡ್ತೀನಿ,” ಎಂದಳು ಅವ್ವ. “ನಿನ್ನ ಹುಟ್ಟಿದ ದಿನಾ ಎಲ್ಲಾರನೂ ಕರೀ. ಅವತ್ತ ನೀ ತಿಂದದ್ದನ್ನs ಎಲ್ಲಾರೂ ತಿನ್ನಬೇಕು.”

ಅವ್ವ ಹಟಕ್ಕೆ ಬಿದ್ದರೆ ಬಿದ್ದಳೇ. ಬೇಕರಿಯ ರೊಟ್ಟಿಯಲ್ಲಿ ಹಾಲಿನ ಪುಡಿ ಹಾಕುತ್ತಾರೆ ಎಂದು ಅವಳಿಗೆ ಗೊತ್ತಿತ್ತು, ಆದ್ದರಿಂದ ಹಿಟ್ಟನ್ನು ಮನೆಯಲ್ಲೇ ಉಬ್ಬಿಸಬೇಕು. ಚೀಜು ಇಲ್ಲದ ಪಿಝಾ ಬೋಳಾಗಿ ಕಾಣುತ್ತದೆ, ಮಕ್ಕಳು ಮತ್ತೆ ನಗುತ್ತಾರೆ, ಆದ್ದರಿಂದ ಒಳಗಿನದು ಕಾಣದಂತೆ ಮುಚ್ಚಬೇಕು. ಮುಚ್ಚುವುದು ಅವಳಿಗೆ ಯಾರೂ ಕಲಿಸಬೇಕಾದ ಕೆಲಸವಲ್ಲ, ಅವಳ ಕರ್ಚಿಕಾಯಿ ಎಂದೂ ಎಣ್ಣೆಯಲ್ಲಿ ಬಾಯಿಬಿಟ್ಟದ್ದಿಲ್ಲ. ಈಗ ನಾಶಿಕದ ಅಂಗಡಿಗಳಲ್ಲಿ ಇಂಥದ್ದನ್ನೇ ವೀಗನ್ ಪಿಝಾ ಪಾಕೆಟ್ ಎಂದು ಹಲಗೆ ಬರೆದು ಮಾರುತ್ತಾರೆ. ಅವ್ವನಿಗೆ ಆ ಶಬ್ದ ಗೊತ್ತಿರಲಿಲ್ಲ, ನಾವು ಅದನ್ನು ಪಿಝಾ ಕರ್ಚಿಕಾಯಿ ಎಂದೆವು. ಕೌರ್ ಆಂಟಿ ಯೀಸ್ಟಿನ ಪುಡಿ ಕೊಟ್ಟರು. ಬೆಚ್ಚನೆಯ ನೀರಿಗೆ ಸಕ್ಕರೆ ಹಾಕಿ ಅದನ್ನು ಕದಡಿದಾಗ ನೊರೆ ಬಂದದ್ದನ್ನು ನೋಡಿ ಅಜ್ಜಿ, ಜೀವ ಇರುವ ಹಿಟ್ಟು ಇದು, ನನ್ನ ಸ್ಟೋವಿನ ಹತ್ತಿರ ತರಬೇಡಿ ಎಂದು ಗದರಿದಳು. ಚಳಿಗಾಲ, ಮೈದಾ ಹಿಟ್ಟು ಉಬ್ಬಲೊಲ್ಲದು. ಅವ್ವ ಬೋಗುಣಿಗೆ ಅಪ್ಪನ ಉಣ್ಣೆಯ ಸ್ವೆಟರು ಸುತ್ತಿ, ಹಾಸಿಗೆಯಲ್ಲಿ ಧೀರೂನ ಪಕ್ಕ ಮಲಗಿಸಿದಳು.

ಮೊದಲ ಸಲದ್ದು ಕಲ್ಲಾಯಿತು. ಅಪ್ಪ ಒಂದನ್ನು ಕೈಯಲ್ಲಿ ತೂಗಿ, “ಕಾರ್ಖಾನಿಗೆ ಒಯ್ತೀನಿ ಕೊಡು, ವಿಮಾನಕ್ಕ ಬ್ರೇಕ್ ಆಗ್ತದ” ಎಂದ. ಅವ್ವ ನಕ್ಕಳು. ಆ ತಿಂಗಳು ಅವಳು ನಕ್ಕಷ್ಟು ಹಿಂದೆಯೂ ನಕ್ಕಿರಲಿಲ್ಲ, ಮುಂದೆಯಂತೂ ನಗಲೇ ಇಲ್ಲ. ಒಳಗೆ ತುಂಬಲು ಉಳ್ಳಾಗಡ್ಡಿ, ಟೊಮೆಟೊ, ಡೊಣ್ಣ ಮೆಣಸಿನಕಾಯಿ ಹುರಿದು, ಆಂಟಿ ಹೇಳಿದ ವಿಲಾಯತಿ ಸೊಪ್ಪು ಸಿಗದೆ ಅಜವಾನ ತಿಕ್ಕಿ ಹಾಕಿದಳು. ಚೀಜಿನ ಬದಲಿಗೆ ಶೇಂಗಾ ರುಬ್ಬಿ ಹಾಕಿದರೆ ಅದು ಚಟ್ನಿಯಾಯಿತು. ಕೊನೆಗೆ ಗೋಡಂಬಿ ನೆನೆಸಿ ನುಣ್ಣಗೆ ರುಬ್ಬಿ, ಉಪ್ಪು, ನಿಂಬೆರಸ, ಚಿಟಿಕೆ ಅರಿಸಿನ, ಒಂದಿಷ್ಟು ಕಾರ್ನ್‌ಫ್ಲೋರ್ ಹಾಕಿ ಕುದಿಸಿದಾಗ ಅದು ಸೌಟಿನಿಂದ ಎಳೆ ಎಳೆಯಾಗಿ ಇಳಿಯಿತು. ಧೀರೂ ಆ ಎಳೆಯನ್ನು ಬೆರಳಿಗೆ ಸುತ್ತಿಕೊಂಡು ಮನೆತುಂಬ ಕುಣಿದ. ಆಂಟಿಯ ಓವನ್ನಿನಲ್ಲಿ ಬೆಣ್ಣೆಯ ಕೇಕು ಬೇಯುತ್ತಿತ್ತಲ್ಲ, ಆ ಓವನ್ನನ್ನು ಅವ್ವ ಮೂರು ಸಲ ತಿಕ್ಕಿ ತೊಳೆದಳು.

“ಭಾಭೀಜಿ, ಮೇರಾ ಓವನ್ ಇತನಾ ಗಂದಾ ಹೈ ಕ್ಯಾ?” ನನ್ನ ಓವನ್ ಅಷ್ಟೊಂದು ಕೊಳಕೇ ಎಂದು ಆಂಟಿ ಮುಖ ಸಣ್ಣ ಮಾಡಿದರು. ಅವ್ವ ಕಾರಣ ಬಿಡಿಸಿ ಹೇಳಿದಾಗ ತಾವೂ ಬಟ್ಟೆ ಒಗೆಯುವ ಬ್ರಶ್ಶು ಹಿಡಿದು ತಿಕ್ಕಲು ಕೂತರು. ನಮ್ಮ ಮನೆಯ ಪ್ಲಗ್ಗಿಗೆ ಹಚ್ಚಿದರೆ ಫ್ಯೂಸು ಹಾರುತ್ತಿತ್ತು, ಹೀಗಾಗಿ ಬೇಯಿಸುವುದೆಲ್ಲ ಅವರ ಮನೆಯಲ್ಲೇ.

ಹುಟ್ಟುಹಬ್ಬದ ದಿನ ಬೆಳಿಗ್ಗೆ ಅಜ್ಜಿ ಧೀರೂಗೆ ಎಣ್ಣೆ ಹಚ್ಚಿ ನೀರೆರೆದಳು, ಮಣೆಯ ಮೇಲೆ ಕೂರಿಸಿ ಆರತಿ ಮಾಡಿದಳು. ಅವನು ಎದ್ದು ಓಡಿದ ಮೇಲೂ ಅವಳು ದೇವರ ಮುಂದೆಯೇ ಕೂತಿದ್ದಳು. ನಾನು ಹೂವಿನ ಬುಟ್ಟಿ ಎತ್ತಿಡಲು ಹೋದವಳು ಅವಳ ಮಾತು ಕೇಳಿಸಿಕೊಂಡೆ. ಅದು ನನಗೆ ಹೇಳಿದ್ದಲ್ಲ.

“ಏಳು ತುಂಬಿದ್ವು ಕೂಸಿಗೆ. ನಾಕ ವರ್ಷಾತು, ಒಂದು ಹನಿ ತುಪ್ಪ ಹೊಟ್ಟಿಗೆ ಹೋಗಿಲ್ಲ. ಆಯುಷ್ಯ ಎಲ್ಲಿಂದ ಬರಬೇಕಪ್ಪಾ ಅದಕ್ಕ? ನೀನs ನೋಡಿಕೋ.”

ನನಗಾಗ ಹನ್ನೊಂದು ವರ್ಷ. ಆ ವಾರವೆಲ್ಲ ಧೀರೂಗೆ ನೆಗಡಿಯಾಗಿ ಎದೆಯಲ್ಲಿ ಗೊರಗೊರ ಇತ್ತು. ಅವ್ವ ಡಾಕ್ಟರ ಮಾತನ್ನು ನಂಬಿದ್ದಳು, ಅಜ್ಜಿ ತನ್ನ ಹಿರಿಯರ ಮಾತನ್ನು ನಂಬಿದ್ದಳು. ನಾನು ಇಬ್ಬರನ್ನೂ ನಂಬಿದ್ದೆ. ಹಾಲು ಕುಡಿದರೆ ಇವನು ಸಾಯುತ್ತಾನೆ, ತುಪ್ಪ ತಿನ್ನದಿದ್ದರೂ ಸಾಯುತ್ತಾನೆ ಎಂದು ನನ್ನ ತಲೆಯಲ್ಲಿ ಕೂತಿತು. ಹಗಲೆಲ್ಲ ಬಲೂನು ಊದುತ್ತ, ಕುರ್ಚಿ ಜೋಡಿಸುತ್ತ ಅದೇ ಯೋಚನೆ. ಬೆಂಕಿಯಲ್ಲಿ ಹಾಲಿನ ದೋಷ ಸುಟ್ಟುಹೋಗಿರುತ್ತದೆ ಎಂದಿದ್ದಳಲ್ಲ ಅಜ್ಜಿ. ಬಡಿಸುವುದು ಬೇಡ, ಬರೀ ಮುಟ್ಟಿಸಿದರೆ ಸಾಕು ಎಂದು ನನಗೆ ನಾನೇ ತೀರ್ಮಾನ ಕೊಟ್ಟುಕೊಂಡೆ.

ಸಂಜೆ ಐದಕ್ಕೆ ಮಕ್ಕಳು ಬಂದರು. ಓವನ್ನಿನ ಮೊದಲ ಸುತ್ತಿನ ಕರ್ಚಿಕಾಯಿಗಳನ್ನು ಅವ್ವ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಎರಡನೆಯದನ್ನು ತೆಗೆಯಲು ಆಂಟಿಯ ಮನೆಗೆ ಓಡಿದಳು. ಅಜ್ಜಿ ಹೊರಗೆ ಮಕ್ಕಳ ಗದ್ದಲದ ನಡುವೆ ಕೂತಿದ್ದಳು. ನಾನು ಸ್ಟೂಲು ಹತ್ತಿ ಗಿಂಡಿ ಇಳಿಸಿದೆ. ಚಳಿಗೆ ತುಪ್ಪ ಗಟ್ಟಿಯಾಗಿತ್ತು, ಮುಗಿಯಲೂ ಬಂದಿತ್ತು. ಬೆರಳಿನಿಂದ ತಳವನ್ನು ಕೆರೆದಾಗ ಕೆಳಗೆ ಕೂತಿದ್ದ ಕಂದು ಗಸಿಯೂ ಸೇರಿ ಬಂತು. ಎಲ್ಲಕ್ಕಿಂತ ದೊಡ್ಡ ಕರ್ಚಿಕಾಯಿಯೊಂದನ್ನು ಆರಿಸಿ ಅದರ ಬೆನ್ನಿಗೆ ತಿಕ್ಕಿದೆ. ಬಿಸಿಗೆ ಅದು ಕರಗಿ ಒಳಗಿಳಿಯಿತು. ನಾನು ಕೈ ತೊಳೆಯಲಿಲ್ಲ, ಲಂಗಕ್ಕೆ ಒರೆಸಿಕೊಂಡೆ. ಹೊರಗೆ ಹೋಗಿ ಅದನ್ನು ಧೀರೂನ ಕೈಯಲ್ಲೇ ಕೊಟ್ಟೆ.

“ಇದು ನಿಂದು. ಎಲ್ಲಾ ತಿನ್ನು, ಬಿಡಬ್ಯಾಡ.”

ಅವನು ಕಚ್ಚಿದ. ಗೋಡಂಬಿಯ ಎಳೆ ತುಟಿಯಿಂದ ಗದ್ದಕ್ಕೆ ಜೋತುಬಿತ್ತು. “ಚೀಜ್! ಬಘಾ, ಮಾಝ್ಯಾತ ಪಣ ಚೀಜ್!” ಎಂದು ಎಲ್ಲರಿಗೂ ತೋರಿಸಿದ. ನನ್ನದರಲ್ಲೂ ಚೀಜಿದೆ, ನೋಡಿ. ಅವನನ್ನು ಮಂಗ ಎಂದಿದ್ದ ಹುಡುಗನೂ ಬಗ್ಗಿ ನೋಡಿದ. ಧೀರೂ ಇನ್ನೂ ಎರಡು ಸಲ ಕಚ್ಚಿದ, ಆಮೇಲೆ ಕೆಮ್ಮಿದ. ಕೆಮ್ಮು ನಿಲ್ಲಲಿಲ್ಲ. ಅವ್ವ ಎರಡನೆಯ ತಟ್ಟೆ ಹಿಡಿದು ಬಾಗಿಲಿಗೆ ಬಂದಾಗ ಅವನು ಕುತ್ತಿಗೆ ಹಿಡಿದುಕೊಂಡು ನೆಲದ ಮೇಲಿದ್ದ, ತುಟಿ ಊದಿ ಮುಖ ಗುರುತು ಸಿಗದಂತಾಗಿತ್ತು. ಆಂಟಿಯ ಗಂಡ ಸ್ಕೂಟರ್ ತೆಗೆದರು, ಅವ್ವ ಅವನನ್ನು ಮಡಿಲಲ್ಲಿ ಹಾಕಿಕೊಂಡು ಹಿಂದೆ ಕೂತಳು. ಡಾಕ್ಟರು ಹೊತ್ತು ಸಿಗಲಿಕ್ಕಿಲ್ಲ ಎಂದಿದ್ದರು. ಸಿಗಲಿಲ್ಲ. ದಾರಿಯಲ್ಲೇ ಹೋದ.

ಅವನನ್ನು ತಂದು ಹೊರಕೋಣೆಯಲ್ಲಿ ಮಲಗಿಸಿದರು. ಕಾರ್ಖಾನೆಯಿಂದ ಓಡಿಬಂದ ಅಪ್ಪ ಯೂನಿಫಾರ್ಮಿನಲ್ಲೇ ಅವನ ಕಾಲ ಬಳಿ ಕುಸಿದು ಕೂತಿದ್ದ. ಬಲೂನುಗಳನ್ನು ಯಾರೂ ಬಿಚ್ಚಿರಲಿಲ್ಲ. ಅವ್ವ ಅಳುತ್ತಿರಲಿಲ್ಲ. ಕುರ್ಚಿಯ ಕೆಳಗೆ ಬಿದ್ದಿದ್ದ ಅರ್ಧ ಕರ್ಚಿಕಾಯಿಯನ್ನು ಹೆಕ್ಕಿ, ದಿನಾ ನನ್ನ ಬೆರಳು ಮೂಸುತ್ತಿದ್ದ ಹಾಗೆಯೇ ಅದನ್ನು ಮೂಸಿದಳು.

“ಇದಕ್ಕ ತುಪ್ಪ ಯಾರ ಹಚ್ಚಿದ್ರು?”

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಬಲಗೈಯನ್ನು ಬೆನ್ನ ಹಿಂದೆ ಮಾಡಿಕೊಂಡೆ. ಅಜ್ಜಿ ನನ್ನ ಮುಖ ನೋಡಿದಳು, ಲಂಗದ ಮೇಲಿನ ಜಿಡ್ಡಿನ ಕಲೆ ನೋಡಿದಳು. ನೋಡುತ್ತ ನೋಡುತ್ತ ಅವಳ ಮೋರೆ ಸಣ್ಣದಾಯಿತು. ಆಮೇಲೆ ಗೋಡೆ ಹಿಡಿದು ಎದ್ದು ನಿಂತಳು.

“ನಾ ಹಚ್ಚಿದೆ, ಸರೋಜಾ.”

“ಕೊಂದ್ರಿ,” ಎಂದಳು ಅವ್ವ. ಆಗಲೂ ಅವಳು ಬಹುವಚನ ಬಿಡಲಿಲ್ಲ. ಆ ಒಂದು ಶಬ್ದ ಬಿಟ್ಟರೆ ಅವಳು ಅತ್ತೆಯೊಡನೆ ಮತ್ತೆಂದೂ ಮಾತಾಡಲಿಲ್ಲ.

ಧೀರೂನ ಅಸ್ಥಿಯನ್ನು ನಾಶಿಕದಲ್ಲಿ ಗೋದಾವರಿಗೆ ಬಿಟ್ಟು ಬಂದ ಮೇಲೆ ಅವ್ವ ಅಪ್ಪನಿಗೆ, ಈ ಮನೆಯಲ್ಲಿ ಅವರಿದ್ದರೆ ನಾನಿರುವುದಿಲ್ಲ ಎಂದಳು. ಅಪ್ಪನ ತಮ್ಮ, ನಮ್ಮ ಕಾಕಾ, ಔರಂಗಾಬಾದಿನ ಬ್ಯಾಂಕೊಂದರಲ್ಲಿದ್ದ. ಆ ಊರನ್ನು ಈಗ ಛತ್ರಪತಿ ಸಂಭಾಜಿನಗರ ಎನ್ನುತ್ತಾರೆ, ನನ್ನ ನೆನಪಿನಲ್ಲಿ ಅದು ಔರಂಗಾಬಾದೇ. ಅವನು ಬಂದು ಅಜ್ಜಿಯನ್ನು ಎಸ್.ಟಿ. ಬಸ್ಸಿನಲ್ಲಿ ಕರೆದುಕೊಂಡು ಹೋದ. ಹೋಗುವಾಗ ಅವಳು ದೇವರ ಪೆಟ್ಟಿಗೆ, ಎರಡು ಸೀರೆ ಹಿಡಿದಳು, ತುಪ್ಪದ ಗಿಂಡಿಯನ್ನು ಮುಟ್ಟಲಿಲ್ಲ. ಹಲಗೆ ಖಾಲಿಯಾಯಿತು. ಪಾತ್ರೆಗಳ ಕೆಂಪು ಬೊಟ್ಟನ್ನು ಅವ್ವ ಚಾಕುವಿನಿಂದ ಕೆರೆಯುತ್ತ ಕೂತದ್ದನ್ನು ನಾನು ಶಾಲೆಯಿಂದ ಬಂದಾಗ ಕಂಡೆ. ಅಪ್ಪ ಸಿಕ್ಕ ಪಾಳಿಗಳನ್ನೆಲ್ಲ ಒಪ್ಪಿಕೊಂಡು ಕಾರ್ಖಾನೆಯಲ್ಲೇ ಉಳಿಯುತ್ತಿದ್ದ. ಅವ್ವ ಬದುಕಿದ್ದು ಒಂದೇ ಒಂದರ ಮೇಲೆ, ‘ಆ ಮುದುಕಿ’ ಎನ್ನುವುದರ ಮೇಲೆ. ಹಿಟ್ಟು ನಾದುವಾಗ, ಬಟ್ಟೆ ಒಗೆಯುವಾಗ ಅವಳ ಬಾಯಿಂದ ಅದೇ ಬರುತ್ತಿತ್ತು. ಪ್ರತಿ ಸಲವೂ ನಾನು ಅದನ್ನು ನನ್ನ ಹೆಸರೆಂದೇ ಕೇಳಿಸಿಕೊಳ್ಳುತ್ತಿದ್ದೆ, ಆದರೆ ಓಗೊಡಲಿಲ್ಲ.

ಎರಡು ವರ್ಷದ ಮೇಲೆ ಬೇಸಿಗೆ ರಜೆಯಲ್ಲಿ ಅಪ್ಪ ನನ್ನನ್ನು ಔರಂಗಾಬಾದಿಗೆ ಕರೆದೊಯ್ದು ಎರಡು ದಿನ ಬಿಟ್ಟುಬಂದ. ಅವ್ವನಿಗೆ ಹೇಳಿದ್ದು ಯಾವುದೋ ಮದುವೆ ಎಂದು. ಕಾಕಾನ ಮನೆಯ ಹಿಂದಿನ ವರಾಂಡದಲ್ಲಿ, ತಗಡಿನ ಕೆಳಗೆ ಅಜ್ಜಿಯ ಹಾಸಿಗೆ. ಆ ಕಾದ ತಗಡಿನ ಕೆಳಗೆ ಅವಳು ಒಣಗಿ ಚಿಕ್ಕವಳಾಗಿದ್ದಳು. ನಾನು ಬಂದೆನೆಂದು ಶೇಂಗಾದ ಉಂಡೆ ಕಟ್ಟಿದಳು. ಕಾಕಾನ ಚಿಕ್ಕ ಮಗಳು ಬಂದು ಕೈಯೊಡ್ಡಿದಾಗ ಅವಳಿಗೂ ಒಂದು ಕೊಟ್ಟಳು. ಕಾಕಾನ ಹೆಂಡತಿ ಕಾಕು ಒಳಗಿನಿಂದ ಬಂದು ಮಗುವಿನ ಕೈಯಿಂದ ಉಂಡೆ ಕಿತ್ತು ಅಂಗಳಕ್ಕೆ ಎಸೆದಳು.

“ಅಜ್ಜಿ ಕೈದು ತಿನಬ್ಯಾಡ ಅಂತ ನಿನಗ ಎಷ್ಟ ಸಲ ಹೇಳೀನಿ?”

ಅಜ್ಜಿ ಏನೂ ಆಗಲಿಲ್ಲವೆಂಬಂತೆ ಉಳಿದ ಹಿಟ್ಟನ್ನು ಮುದ್ದೆ ಮಾಡುತ್ತಿದ್ದಳು. ನಮ್ಮ ಕಾಲನಿಯಲ್ಲಿ ಬಂದ ಹೆಸರು ಇಲ್ಲಿಗೂ ಅವಳನ್ನು ಹಿಂಬಾಲಿಸಿತ್ತು, ಮೊಮ್ಮಗನ ಬಾಯಿಗೆ ವಿಷ ಹಾಕಿದವಳು ಎಂದು. ನಾನು ಅವತ್ತು ಕಾಕುವಿಗೆ ಏನಾದರೂ ಹೇಳಬಹುದಿತ್ತು. ಕಾಕು ಒಳಗೆ ಹೋಗುವ ತನಕ ಕಾದು ಅಜ್ಜಿಯ ಪಕ್ಕದಲ್ಲಿ ಕೂತೆ, ಅಷ್ಟೇ.

“ಅಜ್ಜಿ, ಅವತ್ತ ನಾನು...”

“ಸುಮ್ಮನಿರು.”

“ನಾ ಅವ್ವಗ ಹೇಳ್ತೀನಿ.”

“ಹೇಳಿದ್ರ ಧೀರೂ ಬರ್ತಾನೇನು?” ಅವಳು ಉಂಡೆ ಕಟ್ಟುವುದನ್ನು ನಿಲ್ಲಿಸಿದಳು. “ನಿಮ್ಮವ್ವಗ ಸಿಟ್ಟು ಮಾಡ್ಲಿಕ್ಕೆ ಒಬ್ಬರು ಬೇಕು. ನಾ ಇದ್ದೀನಿ. ಆ ಸಿಟ್ಟಿನ ಮ್ಯಾಲೆ ಜೀವಾ ಹಿಡದಾಳ ಆಕಿ. ನೀ ಅಂತ ಗೊತ್ತಾದ್ರ ಆಕಿಗೆ ಸಿಟ್ಟು ಮಾಡ್ಲಿಕ್ಕೂ ಬರೂದಿಲ್ಲ, ಮಾಫ್ ಮಾಡ್ಲಿಕ್ಕೂ ಬರೂದಿಲ್ಲ. ಹುಚ್ಚ ಹಿಡದು ಸಾಯ್ತಾಳ. ಇನ್ನೊಂದ ಕೇಳು ವನೂ. ನಾ ಏನ್ ಸುಳ್ಳ ಹೇಳಿಲ್ಲ. ಬೆರಳು ನಿಂದಿರಬೇಕು, ಮಾತು ನಂದು. ನಾ ಆ ಮಾತು ಆಡದಿದ್ರ ನಿನ್ನ ತಲ್ಯಾಗ ಅದು ಯಾಕ ಬರ್ತಿತ್ತು?”

ಮಧ್ಯಾಹ್ನ ಅವಳು ಉಣ್ಣಲು ಕೂತಾಗ ನೋಡಿದೆ. ಒಣ ಅನ್ನ, ಸಾರು. ತುಪ್ಪ ಬಿಟ್ಟಿದ್ದಾಳೆ ಎಂದು ಕಾಕಾ ಹೇಳಿದ, ಬಂದ ದಿನದಿಂದ ಮುಟ್ಟಿಲ್ಲವಂತೆ. ಅವಳ ಆ ಊಟ ನೋಡಿ ನಾನು ಹೋಗಿ ಕಾಲು ಹಿಡಿಯಬೇಕಿತ್ತು. ಸತ್ಯ ಹೇಳಬೇಕೆಂದರೆ, ಅವಳು ಸುಮ್ಮನಿರು ಎಂದ ಗಳಿಗೆಯಲ್ಲಿ ನನ್ನ ಮೈ ಹಗುರಾಗಿತ್ತು. ಎರಡು ವರ್ಷದಲ್ಲಿ ಮೊದಲ ಸಲ ಅವತ್ತು ನಾನು ಹೊಟ್ಟೆತುಂಬ ಉಂಡೆ. ನಾಚಿಕೆ ಬಂದದ್ದು ಬಹಳ ವರ್ಷಗಳ ಮೇಲೆ, ನನಗೂ ಮಕ್ಕಳಾದಾಗ. ಬಂದದ್ದು ಮತ್ತೆ ಹೋಗಿಲ್ಲ. ಇವತ್ತಿಗೂ ಯಾರಾದರೂ ಏನಾದರೂ ಒಡೆದು, ‘ಯಾರು ಮಾಡಿದ್ದು’ ಎಂದು ಕೇಳಿದರೆ ನಾನು ಮೊದಲು ಸುಮ್ಮನಾಗುತ್ತೇನೆ, ಮಾಡದಿದ್ದರೂ. ನನ್ನ ಗಂಡ ಇದನ್ನು ಗಾಂಭೀರ್ಯ ಎಂದು ತಿಳಿದಿದ್ದಾನೆ. ಅಪ್ಪ ಅವ್ವ ಇಬ್ಬರೂ ಹೋದ ಮೇಲೆಯೇ ಇದನ್ನು ಬರೆಯುವ ಧೈರ್ಯ ಬಂತು, ಅದನ್ನು ಧೈರ್ಯ ಎನ್ನಬಹುದಾದರೆ.

ನಾನು ಕಾಲೇಜು ಸೇರಿದ ವರ್ಷ ಅಜ್ಜಿ ತೀರಿಕೊಂಡಳು. ನೆರೆಮನೆಗೆ ಫೋನು ಬಂತು. ಅವ್ವ ಸ್ನಾನ ಮಾಡಿ ಬಂದು ಮೂಲೆಯಲ್ಲಿ ಕೂತಳು, ಬರುವುದಿಲ್ಲ ಎಂದಳು. ಅಪ್ಪನೂ ನಾನೂ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಜ್ವರ ಬಂದು ಎರಡು ದಿನ ಮಲಗಿದ್ದಳಂತೆ, ಬೆಳಿಗ್ಗೆ ಕಾಕು ಚಹಾ ಒಯ್ದಾಗ ಜೀವ ಇರಲಿಲ್ಲವಂತೆ. ಕೊನೆಯ ಮಾತು ಎಂಬುದು ಇರಲಿಲ್ಲ, ಕೇಳಲು ಹತ್ತಿರ ಯಾರೂ ಇರಲಿಲ್ಲ. ಅಸ್ಥಿಯನ್ನು ಪೈಠಣಕ್ಕೆ ಒಯ್ದು ಗೋದಾವರಿಗೆ ಬಿಟ್ಟೆವು. ಆ ನೀರು ನಾಶಿಕದಿಂದ ಬಂದದ್ದು ಎಂದು ಅಪ್ಪ ಹೇಳಿ ದಡದಲ್ಲಿ ಕೂತು ಬಿಕ್ಕಿದ. ನಾನು ಅವನ ಅಂಗಿ ಹಿಡಿದುಕೊಂಡು ನಿಂತಿದ್ದೆ.

ಮನೆಗೆ ಬಂದಾಗ ಅವ್ವ ನೀರು ಕಾಯಿಸಿಟ್ಟಿದ್ದಳು. ಅಪ್ಪ ಬಚ್ಚಲಿಗೆ ಹೋದ. ಅವಳು ನನ್ನ ಚೀಲವನ್ನು ತೆಗೆದುಕೊಂಡು ಬದಿಗಿಟ್ಟು, ಎಷ್ಟೋ ವರ್ಷಗಳಿಂದ ಕೇಳದಿದ್ದ ಒಂದು ದನಿಯಲ್ಲಿ ಕೇಳಿದಳು.

“ಹೋಗೂ ಮುಂದ ಏನರೆ ಅಂದ್ಲೇನು?”

ಅವಳ ಕಣ್ಣು ನನ್ನ ಬಾಯಿಯ ಮೇಲಿತ್ತು. ಏಳು ವರ್ಷ ಅವಳು ಕಾದದ್ದು ಒಂದೇ ಒಂದು ಮಾತಿಗೆ ಎಂಬುದು ನನಗೆ ಆಗ ತಿಳಿಯಿತು. ಆ ಮಾತು ನನ್ನ ಹತ್ತಿರವೇ ಇತ್ತು. ಹೇಳಿದೆ.

“ಅಂದ್ಲು. ಸರೋಜಾಗ ಹೇಳು, ನಂದು ತಪ್ಪಾತು ಅಂತ ಹೇಳು ಅಂದ್ಲು.”

ಅವ್ವ ಅಲ್ಲೇ ನೆಲದ ಮೇಲೆ ಕೂತಳು. ಧೀರೂ ಹೋದ ದಿನದಿಂದ ಅಳದಿದ್ದವಳು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು, ಬಹಳ ಹೊತ್ತು. ನನ್ನನ್ನು ಹತ್ತಿರ ಎಳೆದು ತೊಡೆಯ ಮೇಲೆ ನನ್ನ ತಲೆ ಇಟ್ಟುಕೊಂಡಳು. ಆಮೇಲೆ ಮೂಗು ಒರೆಸಿಕೊಂಡು, “ಹೋಗ್ಲಿ, ಪಾಪ, ಹಿರ್ಯಾರು. ಮಾಫ್ ಮಾಡಿದೆ” ಎಂದಳು. ಅಜ್ಜಿಯನ್ನು ಮಾಫ್ ಮಾಡಿದಳು.